ಆರೋ, ಹನ್ನೆರಡೋ

ನಮ್ಮ ವಿಜ್ಞಾನದ ಮೇಷ್ಟ್ರಿಗೆ ಖುಷಿಯಾದರೆ ಮೊದಲು ಕೆಂಪಾಗುತ್ತಿದ್ದುದು ಕಿವಿ. ಹಳೇಬೀಡಿನ ಶಾಲೆಯಲ್ಲಿ ಪ್ರಯೋಗವೊಂದು ಸರಿಬಂದರೆ ಸಾಕು, ಆ ಅಗಲ ಕಿವಿಗಳು ದಾಸವಾಳವಾಗುತ್ತಿದ್ದವು. "ಒಂದೇ ಸಾಕ್ಷಿ ನಂಬ್ಬೇಡ ಕಣೋ" ಎನ್ನುವುದು ಅವರ ಮಂತ್ರ. ತರಕಾರಿಯವಳು ಬದನೆಕಾಯಿ ಎಳೆಯದು ಎಂದು ಆಣೆಯಿಟ್ಟರೂ ಒಂದನ್ನು ಮುರಿದು ನೋಡಿಯೇ ಚೀಲಕ್ಕೆ ಹಾಕುವ ಆಸಾಮಿ.

ನಿವೃತ್ತರಾದ ಮೇಲೆ ಬಸ್ತಿಹಳ್ಳಿಯ ಮನೆಯಲ್ಲಿದ್ದ ತಮ್ಮ ತಂದೆಯ ಹಳೇ ಕಾರಿಗೆ ಕೈಹಾಕಿದರು. ತಂದೆ ತೀರಿಕೊಂಡಾಗಿನಿಂದ ಅದು ಕದಲಿರಲಿಲ್ಲ. ಆ ಕಾರು ಮನೆಗೆ ಬರುವುದನ್ನು ಇನ್ನೊಮ್ಮೆ ನೋಡಬೇಕೆಂದು ಅವರ ತಾಯಿಗೆ ಆಸೆ. ಆಕೆಯ ಕಣ್ಣು ದಿನೇದಿನೇ ಮಂಜಾಗುತ್ತಿತ್ತು, ತಡಮಾಡುವಂತಿರಲಿಲ್ಲ. ನನಗೂ ಬುಲಾವ್ ಬಂತು. ಹೇಗೋ ಇಂಜಿನ್ ಸಿದ್ಧವಾಯಿತು. ಆದರೆ ಬ್ಯಾಟರಿ ಎಂದೋ ಮಾಯವಾಗಿತ್ತು. ಹಾಕಬೇಕಾದದ್ದು ಆರು ವೋಲ್ಟಿನದೋ, ಹನ್ನೆರಡರದೋ? ತಪ್ಪಿದರೆ ಹಳೇ ವೈರುಗಳೆಲ್ಲ ಸುಟ್ಟುಹೋಗುತ್ತಿದ್ದವು.

ನಾನು ದೀಪದ ಬಲ್ಬು ಬಿಚ್ಚಿದೆ. ಬುಡದಲ್ಲಿ ಹನ್ನೆರಡು ಎಂದಿತ್ತು. ಗೆದ್ದೆವು ಎಂದು ಕುಣಿದೆ. ಮೇಷ್ಟ್ರು ಜಗ್ಗಲಿಲ್ಲ. ಅಪ್ಪ ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿಸಿರಬಹುದು, ಬ್ಯಾಟರಿಗೆ ಕರೆಂಟು ತುಂಬುವ ಡೈನಮೊ ಕಾರಿನ ಜೊತೆಗೇ ಬಂದದ್ದು, ಅದರ ಮೇಲಿನ ತಗಡು ನೋಡೋಣ ಎಂದರು. ನೋಡಿದರೆ ಅಕ್ಷರವೇ ಕಾಣದು! ಪ್ರತಿ ಆಯುಧಪೂಜೆಗೂ ಅವರ ತಂದೆ ಬಾನೆಟ್ ಎತ್ತಿ ಹಚ್ಚಿದ್ದ ಗಂಧ-ಕುಂಕುಮ ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಬೆರಳಿನ ಗುರುತು ಕೂಡ ಉಳಿದಿತ್ತು. ಮೇಷ್ಟ್ರು ಚಾಕು ತೆಗೆದವರು ಮತ್ತೆ ಮಡಚಿಟ್ಟರು. ಕೆರೆಯಲು ಮನಸ್ಸು ಬರಲಿಲ್ಲ.

ತಾಯಿ ಗೋಡೆ ಹಿಡಿದುಕೊಂಡು ಬಂದರು. ತಗಡನ್ನು ತಡವಿ ನೋಡಿ, ಸೆರಗಿನ ತುದಿ ನೀರಿನಲ್ಲಿ ಅದ್ದಿ ತಾವೇ ಉಜ್ಜತೊಡಗಿದರು.

"ಅಪ್ಪನ ಬೆರಳಿನ ಗುರುತು ಹೋಗುತ್ತಲ್ಲಮ್ಮ."

"ಹೋಗ್ಲಿ ಬಿಡೋ. ಅವರು ಪೂಜೆ ಮಾಡಿದ್ದು ಗಾಡಿ ಓಡ್ಲಿ ಅಂತ, ನಿಂತಿರ್ಲಿ ಅಂತಲ್ಲ."

ಕುಂಕುಮದಡಿಯಿಂದ ಅಂಕಿ ಮೂಡಿತು: ಆರು! ಮೇಷ್ಟ್ರ ಕಿವಿ ಕೆಂಡವಾಯಿತು. ಅರಸೀಕೆರೆಯಿಂದ ಆರು ವೋಲ್ಟಿನ ಬ್ಯಾಟರಿ, ಅದಕ್ಕೊಪ್ಪುವ ಬಲ್ಬು ತರಿಸಿದೆವು. ಕಾರು ನರಳಿತು, ಕೆಮ್ಮಿತು, ಮನೆಯೆಲ್ಲ ಹೊಗೆ ಮಾಡಿ ಸ್ಟಾರ್ಟ್ ಆಯಿತು. ಇಬ್ಬರೂ ಊರಿಗೆ ಕೇಳುವಂತೆ ಕೇಕೆ ಹಾಕಿದೆವು. ಮಾದಿಹಳ್ಳಿಯ ತನಕ ಹೋಗಿ, ಮುಸ್ಸಂಜೆಗೆ ದೀಪ ಹಾಕಿಕೊಂಡು ಮರಳಿದಾಗ ತಾಯಿ ಗೇಟಿನ ಹತ್ತಿರ ನಿಂತಿದ್ದರು.

ಹತ್ತಿರ ಬಂದು ಬಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. "ಹೀಗೇ ಬರ್ತಿದ್ರು ಕಣೋ" ಎಂದರು.

ಮೇಷ್ಟ್ರು ಸ್ಟಿಯರಿಂಗ್ ಬಿಡದೆ ಮಗುವಿನ ಹಾಗೆ ಅತ್ತರು, ನಕ್ಕರು, ಮತ್ತೆ ಅತ್ತರು. ಹೋದ ವರ್ಷ ಅವರು ತೀರಿಕೊಂಡರು. ಅವರು ಹೇಳಿಕೊಟ್ಟ ಸೂತ್ರಗಳೆಲ್ಲ ನನಗೆ ಮರೆತುಹೋಗಿವೆ. ತಲೆ ನೆರೆತ ಮೇಲೂ ಮನುಷ್ಯ ಅಷ್ಟೊಂದು ಸಂತೋಷಪಡಬಹುದು ಎಂಬ ಪಾಠ ಮಾತ್ರ ಮರೆತಿಲ್ಲ.