ಉಳಿದದ್ದು ಒಂದೇ ಕಂಡೀಷನ್

ಕುಷ್ಟಗಿ ಬಸ್ ಸ್ಟ್ಯಾಂಡಿನ ಎದುರು ಲಕ್ಷ್ಮಣಪ್ಪನವರ ವಧೂವರರ ಮಾಹಿತಿ ಕೇಂದ್ರ. ಗಂಡ ತೀರಿಕೊಂಡ ಮೇಲೆ ದ್ರಾಕ್ಷಾಯಿಣಿ ಅಲ್ಲಿ ಕೆಲಸಕ್ಕೆ ಸೇರಿ, ಮೊಬೈಲಿನಲ್ಲಿ ಪಾಠ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತಳು. ಬಂದವರ ಕಂಡೀಷನ್ನುಗಳಿಗೆ ಕೊನೆಯುಂಟೆ? ಒಬ್ಬರಿಗೆ ಸರ್ಕಾರಿ ನೌಕರಿಯೇ ಆಗಬೇಕು, ಇನ್ನೊಬ್ಬರಿಗೆ ಕಾಲುವೆ ನೀರಾವರಿಯ ಹೊಲವೇ ಬೇಕು. ಬೇಸತ್ತು ಅವಳೇ ಒಂದು ಪ್ರೋಗ್ರಾಮ್ ಬರೆದಳು. ‘ವಯಸ್ಸು < 30’ ಎಂದು ಕನ್ನಡದಲ್ಲಿ ಟೈಪ್ ಮಾಡಿದರೂ ಸಾಕು, ಅದು ಆ ಸಾಲನ್ನು ಹಾಗೆಯೇ ಎತ್ತಿಕೊಂಡು ಪಟ್ಟಿಯಲ್ಲಿರುವ ಒಬ್ಬೊಬ್ಬರಿಗೂ ಹಚ್ಚಿ ನೋಡುತ್ತದೆ. ಎಲ್ಲ ಸಾಲಿಗೂ ಹೊಂದಿದವರ ಹೆಸರನ್ನಷ್ಟೇ ತೋರಿಸುತ್ತದೆ. ಯಾರ ಮುಲಾಜೂ ಅದಕ್ಕಿಲ್ಲ.

ಶನಿವಾರ ಮಧ್ಯಾಹ್ನ ದ್ರಾಕ್ಷಾಯಿಣಿ ಅದಕ್ಕೆ ತನ್ನವೇ ಕಂಡೀಷನ್ ಹಾಕಿದಳು. ಅವಳಿದ್ದದ್ದು ತಮ್ಮ ಹುಲಿಗೇಶನ ಮನೆಯಲ್ಲಿ. ಅವನ ಮದುವೆ ಗೊತ್ತಾಗಿತ್ತು. “ಅಕ್ಕಾ, ದೀಪಾವಳಿ ಒಳಗ ನಿಂದೊಂದು ದಾರಿ ನೋಡ್ಕೊ,” ಎಂದು ಮುಖ ನೋಡದೆ ಹೇಳಿದ್ದ. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಕೊಡಲು ಊರಿನಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂಬತ್ತು ವರ್ಷದ ಮಗಳು ಅಂಜಲಿಯ ಜೊತೆ ಬದುಕಲು ಒಂದು ಸೂರು, ಅಷ್ಟೆ.

ಎರಡನೇ ಮದುವೆಯವರ ಪಟ್ಟಿ ತೆರೆದು ಮೂರು ಸಾಲು ಬರೆದಳು. ಒಂದು ಹೆಸರೂ ಬರಲಿಲ್ಲ. ಪ್ರೋಗ್ರಾಮಿನಲ್ಲೇ ತಪ್ಪಿರಲಿ ದೇವರೇ ಎಂದುಕೊಂಡು, ಬೆಳಿಗ್ಗೆ ಬಂದಿದ್ದ ಹುಲಿಹೈದರ ಊರಿನವರ ಕಂಡೀಷನ್ ಹಾಕಿ ನೋಡಿದಳು. ಪಟಪಟನೆ ಏಳು ಹೆಸರು ಬಂದವು. ತಪ್ಪು ಪ್ರೋಗ್ರಾಮಿನದಲ್ಲ ಎಂದು ಗೊತ್ತಾದಾಗ ಅವಳು ತನ್ನ ಮೂರು ಸಾಲುಗಳನ್ನೇ ಮತ್ತೆ ತೆರೆದಳು.

ಅರ್ಧ ದಿನದ ಶಾಲೆ ಮುಗಿಸಿ ಬಂದು ಪಕ್ಕದಲ್ಲಿ ಕೂತಿದ್ದ ಅಂಜಲಿಗೆ ಇದೊಂದು ಆಟವಾಯಿತು. “ವಯಸ್ಸು ನಲವತ್ತೆರಡರ ಒಳಗ,” ಎಂದು ಓದಿದಳು. ಅವ್ವ ಅಳಿಸಿದಳು. ಸೊನ್ನೆ. “ಕುಡಿತ ಇರಬಾರದು.” ಅದನ್ನು ಅಳಿಸಲು ದ್ರಾಕ್ಷಾಯಿಣಿಗೆ ಮನಸ್ಸಿರಲಿಲ್ಲ. ಆದರೂ ಅಳಿಸಿದಳು. ಮತ್ತೆ ಸೊನ್ನೆ.

ಉಳಿದ ಒಂದು ಸಾಲನ್ನು ಅಂಜಲಿ ಮೆಲ್ಲಗೆ ಓದಿದಳು: “ಜೊತೆಗೆ ಮಗಳು ಬರಲು ಒಪ್ಪಿಗೆ.” ಆಮೇಲೆ ಅವ್ವನ ಕಡೆ ತಿರುಗಿ ಕೇಳಿದಳು, “ಇದು ನಾನೇನವ್ವಾ?”

“ನೀ ಸುಮ್ನ ನಿನ್ನ ಅಭ್ಯಾಸ ಮಾಡು.”

“ಇದನ್ನೂ ತಗದು ನೋಡು. ನಾ ಮಾಮಾನ ಮನ್ಯಾಗ ಪಡಸಾಲ್ಯಾಗ ಮಲಗತೀನಿ. ಜಾಗಾ ಭಾಳ ಬೇಕಾಗೂದಿಲ್ಲ ನನಗ.”

ದ್ರಾಕ್ಷಾಯಿಣಿಗೆ ತಡೆಯಲಾಗಲಿಲ್ಲ, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ ಅಂಜಲಿ, ಅವ್ವ ಒತ್ತುತ್ತಿದ್ದ ಗುಂಡಿಗಳನ್ನೇ ನೆನಪಿಟ್ಟು ಒತ್ತಿ ಆ ಸಾಲನ್ನೂ ಅಳಿಸಿದಳು. ಆ ಪಟ್ಟಿಯಲ್ಲಿದ್ದ ಅಷ್ಟೂ ಗಂಡಸರ ಹೆಸರು ಪರದೆಯ ಮೇಲೆ ಬಂದವು. ಅವಳು ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದಳು.

“ಮೂವತ್ತೊಂದು ಮಂದಿ ಅದಾರವ್ವ,” ಎಂದಳು. “ಛಲೋ ಆತಲ್ಲ?”