ಬೀರುವಿನ ಮೇಲಿಟ್ಟ ಕಡತ

ನಾನು ಕೆಲಸಕ್ಕೆ ಸೇರಿದ್ದು ಗೌರಿಬಿದನೂರಿನ ಒಂದು ಸರ್ಕಾರಿ ಕಚೇರಿಗೆ. ಯಾವ ಇಲಾಖೆ ಅನ್ನುವುದು ಇಲ್ಲಿ ಬೇಡ. ಅಪ್ಪ ಅದೇ ಇಲಾಖೆಯಲ್ಲಿ ಜವಾನರಾಗಿದ್ದರು. ಸೇವೆಯಲ್ಲಿರುವಾಗಲೇ ತೀರಿಕೊಂಡರು, ಅನುಕಂಪದ ಮೇಲೆ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಪಿಯುಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷಿನಲ್ಲಿ ಪಾಸಾಗಿದ್ದೆ, ಅಷ್ಟೆ. ಯಾರಾದರೂ ಅದರಲ್ಲಿ ಮಾತು ಶುರು ಮಾಡಿದರೆ ಕತ್ತು ಬೆವರುತ್ತಿತ್ತು.

ಆಗಿನ್ನೂ ನಮ್ಮಲ್ಲಿ ಕಂಪ್ಯೂಟರಿನ ಕಡತಗಳು ಬಂದಿರಲಿಲ್ಲ, ಎಲ್ಲವೂ ಕಾಗದ. ಟಿಪ್ಪಣಿ ಬರೆಯುತ್ತಿದ್ದುದು ಕನ್ನಡದಲ್ಲೇ. ಆದರೆ ಸೂಪರಿಂಟೆಂಡೆಂಟರು ಹಳೇ ಕಾಲದವರು, ಅಂಚಿನಲ್ಲಿ ಇಂಗ್ಲಿಷಿನ ಎರಡು ಪದ ಗೀಚದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ. ಎರಡನೆಯ ವಾರ ನನ್ನ ಮೇಜಿಗೆ ಬಂದ ಒಂದು ಕಡತದ ಅಂಚಿನಲ್ಲಿ 'ವೆರಿಫೈ ಅಂಡ್ ಪುಟ್ ಅಪ್' ಎಂದಿತ್ತು.

ಅದು ವಿದುರಾಶ್ವತ್ಥದ ಕಡೆಯ ಒಬ್ಬ ಹುಡುಗಿಯದು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಅವಳ ತಾಯಿಯ ಹೆಸರು ತಪ್ಪಾಗಿ ಅಚ್ಚಾಗಿತ್ತು. ಅವಳಿಗೆ ಚಿಕ್ಕಬಳ್ಳಾಪುರದಲ್ಲಿ ಡಿಪ್ಲೊಮಾ ಸೀಟು ಸಿಕ್ಕಿತ್ತು. ಸರಿಯಾದ ಹೆಸರು ಇಂಥದ್ದು ಎಂದು ನಮ್ಮ ಕಚೇರಿಯ ಮುಖ್ಯಸ್ಥರಾದ ಸಾಹೇಬರು ಸಹಿ ಹಾಕಿದ ಪತ್ರ ಕೊಟ್ಟರೆ ಕಾಲೇಜಿನವರು ಸೇರಿಸಿಕೊಳ್ಳುತ್ತಿದ್ದರು.

ವೆರಿಫೈ ನನಗೆ ಗೊತ್ತಿತ್ತು. ಶಾಲೆಯ ದಾಖಲಾತಿ ಪುಸ್ತಕದ ನಕಲಿನ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ, ಸರಿಯಿದೆ ಎಂದು ಬರೆದೆ. ಉಳಿದದ್ದು ಪುಟ್ ಅಪ್. ಪುಟ್ ಅಂದರೆ ಇಡು, ಅಪ್ ಅಂದರೆ ಮೇಲೆ. ನನ್ನ ಕುರ್ಚಿಯ ಹಿಂದೆ ಕಬ್ಬಿಣದ ಬೀರು, ಅದರ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತಗಳ ಗಂಟುಗಳು ಇದ್ದವು. ಮುಗಿದ ಕಡತಗಳ ಜಾಗ ಅದೇ ಇರಬೇಕೆಂದು ಸ್ಟೂಲು ಹತ್ತಿ ಇಟ್ಟುಬಿಟ್ಟೆ. ಸಂಜೆ ಮನೆಗೆ ಹೋಗಿ ಅಮ್ಮನಿಗೆ, "ಇವತ್ತೊಂದು ಫೈಲು ನಾನೊಬ್ಬಳೇ ಮುಗಿಸ್ದೆ ಕಣಮ್ಮ" ಅಂತ ಹೇಳಿಕೊಂಡೆ.

ಮುಂದಿನ ವಾರ ಹುಡುಗಿಯ ತಂದೆ ಬಂದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಚಪ್ಪಲಿ. ಚಪ್ಪಲಿ ಬಾಗಿಲಲ್ಲಿ ಬಿಟ್ಟರೆ ಕಳೆದುಹೋಗುತ್ತದೆಂಬ ಭಯ.

"ನಮ್ ಪಾಪಂದು ಏನಾಯ್ತು ಮೇಡಂ?"

"ಆಯ್ತು ಯಜಮಾನ್ರೇ. ಮೇಲಿಟ್ಟಿದ್ದೀನಿ."

"ಪೈಕಿ ಪೋಯಿಂದಾ?" ಅಂದರು ಖುಷಿಯಾಗಿ. ಆ ಕಡೆ ತೆಲುಗೇ ಮನೆಮಾತು, ಮೇಲಕ್ಕೆ ಹೋಯಿತಾ ಅಂತ ಕೇಳಿದ್ದು. ಕಡತ ಮೇಲಿನ ಅಧಿಕಾರಿಗಳ ಹತ್ತಿರ ಹೋಗಿದೆ ಅಂತ ಅವರಿಗೆ ಅರ್ಥವಾಯಿತು. ಬೀರುವಿನ ಮೇಲಿದೆ ಅಂತ ನಾನು ತಲೆಯಾಡಿಸಿದೆ. ಅವರು ಕೈಮುಗಿದು ಹೋದರು. ಅದಾದ ವಾರವೂ ಬಂದರು. ಅದೇ ಪ್ರಶ್ನೆ, ಅದೇ ಉತ್ತರ.

ಮೂರನೇ ಸಲ ಬಂದದ್ದು ಒಂದು ಶುಕ್ರವಾರ, ಮಗಳನ್ನೂ ಕರೆದುಕೊಂಡು. ಮಾತಾಡಿದವಳು ಅವಳೇ.

"ಮೇಡಂ, ಸೋಮವಾರ ಲಾಸ್ಟ್ ಡೇಟು. ಮೇಲೆ ಅಂದ್ರೆ ಯಾರ ಹತ್ರ ಇದೆ ಹೇಳಿ, ನಾವೇ ಹೋಗಿ ಕೇಳ್ಕೋತೀವಿ."

"ಯಾರ ಹತ್ರನೂ ಇಲ್ಲಮ್ಮ, ಅಲ್ಲೇ ಇದೆ ನೋಡು" ಅಂತ ನಾನು ಬೀರುವಿನ ತುದಿ ತೋರಿಸಿದೆ.

ಅವಳು ಬೀರು ನೋಡಿದಳು, ನನ್ನನ್ನು ನೋಡಿದಳು. ಪಕ್ಕದ ಮೇಜಿನ ಆಪಾ ಪೆನ್ನು ಕೆಳಗಿಟ್ಟರು. ಆಪಾ, ಅಂದರೆ ಅಕ್ಕ, ನಮ್ಮ ಕಚೇರಿಯ ಹಿರಿಯ ಗುಮಾಸ್ತೆ. ಶಿಡ್ಲಘಟ್ಟದವರು, ತವರಿನಲ್ಲಿ ರೇಷ್ಮೆ ನೂಲು ತೆಗೆಯುವ ಕಸುಬು. ಮನೆಯಲ್ಲಿ ಉರ್ದು, ಕಚೇರಿಯಲ್ಲಿ ನಮಗಿಂತ ಚೆನ್ನಾದ ಕನ್ನಡ. ಅವರು ಎದ್ದು ಬಂದು, ನಾನು ಇಳಿಸಿದ ಕಡತದ ಧೂಳು ಸೆರಗಿನಿಂದ ಒರೆಸಿ, ಅಂಚಿನಲ್ಲಿದ್ದದ್ದನ್ನು ಓದಿದರು. ಆಮೇಲೆ ನನಗೆ ಮಾತ್ರ ಕೇಳುವಂತೆ, "ಪುಟ್ ಅಪ್ ಅಂದ್ರೆ ಸಾಹೇಬರ ಮುಂದೆ ಇಡೋದು ಕಣಮ್ಮ. ಸಹಿಗೆ" ಅಂದರು.

ನನ್ನ ಕಿವಿ ಎರಡೂ ಬಿಸಿಯಾದವು. ಸೂಪರಿಂಟೆಂಡೆಂಟರು ವಿಷಯ ಕೇಳಿ ಮೊದಲು ಜೋರಾಗಿ ನಕ್ಕರು. ಹುಡುಗಿಯ ಮುಖ ನೋಡಿ ನಿಲ್ಲಿಸಿದರು. ಸಾಹೇಬರು ಅವತ್ತು ಚಿಕ್ಕಬಳ್ಳಾಪುರಕ್ಕೆ ಮೀಟಿಂಗಿಗೆ ಹೋಗಿದ್ದರು, ಮಾರನೇ ದಿನದಿಂದ ಕಚೇರಿಗೆ ಎರಡು ದಿನ ರಜೆ.

"ಸೋಮವಾರ ಬೆಳಿಗ್ಗೆ ನೋಡಣ" ಅಂದರು ಸೂಪರಿಂಟೆಂಡೆಂಟರು.

"ಸೋಮವಾರ ಸಾಹೇಬ್ರು ಬರೋದೇ ಹನ್ನೊಂದಕ್ಕೆ. ಇವರು ಅಲ್ಲಿಗೆ ತಲುಪೋದು ಯಾವಾಗ ಸರ್?" ಅಂದರು ಆಪಾ.

"ನಾನೇ ತಗೊಂಡು ಹೋಗ್ತೀನಿ ಸರ್. ಈಗಲೇ" ಅಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಅಲ್ಲಿ ನಿಂತಿರುವುದಕ್ಕಿಂತ ಬಸ್ಸು ಹತ್ತುವುದು ಸುಲಭ ಅನ್ನಿಸಿರಬೇಕು. ಆಪಾ ಕಾಲು ಗಂಟೆಯಲ್ಲಿ ಪತ್ರ ಟೈಪು ಮಾಡಿಕೊಟ್ಟರು.

ಅಪ್ಪ, ಮಗಳು, ನಾನು ಮೂವರೂ ಬಸ್ಸು ಹತ್ತಿದೆವು. ಮಂಚೇನಹಳ್ಳಿ ದಾಟಿದ ಮೇಲೆ ಹುಡುಗಿಯ ತಂದೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಡತ ಎಲ್ಲೂ ಹೋಗಿರಲಿಲ್ಲ, ಆ ಮಾತಿನ ಅರ್ಥ ನನಗೆ ತಿಳಿದಿರಲಿಲ್ಲ, ತಪ್ಪು ನನ್ನದೇ. ಅವರು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು.

"ಗೊತ್ತಿಲ್ಲ ಅಂದ್ರೆ ಯಾರನ್ನಾದ್ರೂ ಕೇಳ್ಬೋದಾಗಿತ್ತಲ್ಲಮ್ಮ" ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೇಳಲು ನಾಚಿಕೆಯಾಗಿತ್ತು, ಅಷ್ಟೇ ಕಾರಣ. ಹುಡುಗಿ ಕಿಟಕಿಯ ಆಚೆ ನೋಡುತ್ತಲೇ ಇದ್ದಳು.

ಮೀಟಿಂಗು ಮುಗಿದಾಗ ನಾಲ್ಕು ದಾಟಿತ್ತು. ಸಾಹೇಬರು ವರಾಂಡದ ಕಟ್ಟೆಯ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಸೀಲು ಆಪಾ ಮೊದಲೇ ನನ್ನ ಚೀಲಕ್ಕೆ ಹಾಕಿದ್ದರು. ಕಾಲೇಜಿಗೆ ಆಟೋದಲ್ಲಿ ಓಡಿದೆವು. ಸೀಟು ಉಳಿಯಿತು. ಆದರೆ ಹಾಸ್ಟೆಲ್ಲಿನ ಪಟ್ಟಿ ಹಿಂದಿನ ವಾರವೇ ಮುಗಿದಿತ್ತು. ಬಾಗಿಲಲ್ಲಿ ಹುಡುಗಿ, ಬಸ್ಸು ಹತ್ತಿದ ಮೇಲೆ ಮೊದಲ ಸಲ, ನನ್ನತ್ತ ತಿರುಗಿ, "ದಿನಾ ನಾಲ್ಕು ಬಸ್ಸು ಮೇಡಂ, ಹೋಗೋಕೆ ಎರಡು, ಬರೋಕೆ ಎರಡು" ಅಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಹೇಳಿದ ಹಾಗಿತ್ತು.

ಸೋಮವಾರ ಕಚೇರಿಗೆಲ್ಲ ಗೊತ್ತಾಗಿತ್ತು. ಒಬ್ಬರು 'ಪುಟಪ್ ಮೇಡಂ' ಅಂದರು, ಉಳಿದವರೂ ಹಾಗೇ ಕರೆಯತೊಡಗಿದರು. ಮಧ್ಯಾಹ್ನ ಆಪಾ ತಮ್ಮ ಬುತ್ತಿ ತಂದು ನನ್ನ ಮೇಜಿನ ಮೇಲಿಟ್ಟು, "ಕೂತ್ಕೋ. ದಿನಾ ಒಂದು ಇಂಗ್ಲಿಷ್ ವಾಕ್ಯ" ಅಂದರು.

ವ್ಯಾಕರಣ ಹೇಳಲಿಲ್ಲ. ಕಣ್ಣಿಗೆ ಬಿದ್ದದ್ದರಲ್ಲೇ ಪಾಠ. ತಟ್ಟೆ ತೊಳೆದು ಎತ್ತಿಟ್ಟರೆ ಪುಟ್ ಅವೇ. ಸ್ವೆಟರ್ ಹಾಕಿಕೊಂಡರೆ ಪುಟ್ ಆನ್. ಇವತ್ತಿನದನ್ನು ನಾಳೆಗೆ ತಳ್ಳಿದರೆ ಪುಟ್ ಆಫ್. ಆಡಿಕೊಳ್ಳುವವರನ್ನು ಸಹಿಸಿಕೊಂಡರೆ ಪುಟ್ ಅಪ್ ವಿತ್.

"ಮತ್ತೆ ಪುಟ್ ಅಪ್ಪೇ! ಬರೀ ಬಾಲ ಬದಲಾದ್ರೆ ಅರ್ಥಾನೇ ಬೇರೆನಾ?" ಅಂದೆ ಒಂದು ದಿನ ರೇಗಿ.

"ನಿಮ್ಮ ಕನ್ನಡದಲ್ಲಿ ಇಲ್ವಾ? ಮಗೂನ ನೋಡು, ಮಗೂನ ನೋಡ್ಕೋ. ಎರಡೂ ಒಂದೇನಾ? ನಾನೂ ಚಿಕ್ಕೋಳಾಗಿದ್ದಾಗ ಅದನ್ನ ಕಲಿಯೋಕೆ ಒದ್ದಾಡಿದ್ದೀನಿ."

ನಾನು ಹುಟ್ಟಿದಾಗಿಂದ ಆಡುವ ಮಾತನ್ನು ಇನ್ನೊಬ್ಬರು ಕಷ್ಟಪಟ್ಟು ಕಲಿತಿದ್ದಾರೆ ಅಂತ ಅವತ್ತೇ ನನಗೆ ಹೊಳೆದದ್ದು. ಆಮೇಲೆ ಕೇಳುವುದಕ್ಕೆ ಅಷ್ಟು ನಾಚಿಕೆಯಾಗಲಿಲ್ಲ. 'ಪುಟಪ್ ಮೇಡಂ' ಅಂದವರನ್ನೇ ಹಿಡಿದು, ಈ ಪದಕ್ಕೇನು, ಆ ಪದಕ್ಕೇನು ಎಂದು ಕೇಳತೊಡಗಿದೆ. ಅವರಿಗೂ ಅರ್ಧಕ್ಕರ್ಧ ಗೊತ್ತಿರಲಿಲ್ಲ. ಆ ಅಡ್ಡಹೆಸರು ತಾನಾಗಿ ಬಿಟ್ಟುಹೋಯಿತು.

ಆ ಹುಡುಗಿಯನ್ನು ವರ್ಷವಿಡೀ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕಾಣುತ್ತಿದ್ದೆ. ಒಂದು ಬಸ್ಸಿಳಿದು ಇನ್ನೊಂದಕ್ಕೆ ಓಡುವಳು. ಕಂಡರೆ ತಲೆ ಬಾಗಿಸುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹಾಸ್ಟೆಲ್ಲಿನ ಅರ್ಜಿ ಬಿಟ್ಟ ದಿನವೇ ನಾನೊಂದು ತಂದು, ಬಸ್ಸಿಗೆ ಕಾಯುತ್ತಿದ್ದವಳ ಕೈಗೆ ಕೊಟ್ಟೆ. ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕಲ್ಲು ಬೆಂಚಿನ ಮೇಲೆ ಇಬ್ಬರೂ ಕೂತು ತುಂಬಿದೆವು. ಒಂದು ಕಡೆ ನಾನು ತಡವರಿಸಿದಾಗ ಅವಳೇ, "ಇಲ್ಲಿ ಫಿಲ್ ಇನ್ ಅಂತಿದೆ ಮೇಡಂ, ತುಂಬಬೇಕು" ಅಂತ ಬೆರಳಿಟ್ಟು ತೋರಿಸಿದಳು. ಅಷ್ಟರಲ್ಲಿ ಚಿಕ್ಕಬಳ್ಳಾಪುರದ ಬಸ್ಸು ಹೊರಟುಹೋಯಿತು. "ಇನ್ನೊಂದು ಬರ್ತದೆ ಬಿಡಿ" ಅಂದಳು.