ಚಾರ್ಜು ಮುಗಿದಿತ್ತು

ಟಿಪ್ಸ್ ಮಾವನ ಕೈಗೆ ಸಿಕ್ಕಿ ಬದುಕಿ ವಾಪಸು ಬಂದ ಫೋನುಗಳು ನಮ್ಮ ಬೀದಿಯಲ್ಲಿ ಕಡಿಮೆ. ಔಷಧಿ ಅಂಗಡಿಯವನ ಫೋನಿನ ಗಾಜಿನ ಮೇಲೆ ಗೀರು ಬಿದ್ದಾಗ ಮಾವ ಅದಕ್ಕೆ ಹಲ್ಲುಜ್ಜುವ ಪೇಸ್ಟು ಹಚ್ಚಿ ಅರ್ಧ ದಿನ ತಿಕ್ಕಿದರು. ಗೀರು ಇದ್ದಲ್ಲೇ ಇತ್ತು. ಸ್ಪೀಕರಿನ ತೂತುಗಳು ಮಾತ್ರ ಮುಚ್ಚಿಹೋಗಿ, ಅಲ್ಲಿಂದ ಮುಂದೆ ಆ ಫೋನಿನಲ್ಲಿ ಯಾರು ಮಾತಾಡಿದರೂ ಬಾಯಿ ಮುಕ್ಕಳಿಸುತ್ತಾ ಮಾತಾಡಿದ ಹಾಗೆ ಕೇಳುತ್ತಿತ್ತು. ಮಹಡಿ ಮನೆಯ ಟೀಚರಮ್ಮನ ಫೋನು ನೀರಿನ ಬಕೆಟ್ಟಿಗೆ ಬಿದ್ದಾಗ ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರು. ಫೋನು ಒಣಗಿತು, ಒಪ್ಪಬೇಕು. ಆದರೆ ಚಾರ್ಜರ್ ಚುಚ್ಚುವ ಬಾಯಿಗೆ ಅಕ್ಕಿಕಾಳೊಂದು ಹೋಗಿ ಕೂತು, ಅದನ್ನು ಎಬ್ಬಿಸಲು ಹೋದ ಸೂಜಿಯ ಮೊನೆಯೂ ಒಳಗೇ ಮುರಿದು, ಟೀಚರಮ್ಮ ಹೊಸ ಫೋನು ಕೊಂಡರು.

ಇಂಥ ಸೋಲುಗಳಿಂದ ವೀರರು ಕುಗ್ಗುವುದಿಲ್ಲ. ಪ್ರತಿ ಮಧ್ಯಾಹ್ನ ಊಟವಾದ ಮೇಲೆ ಮಾವ ತಮ್ಮ ಅಂಗಡಿಯ ಅರೆಹೊಲಿದ ಹಾಸಿಗೆಯೊಂದರ ಮೇಲೆ ಸಿಂಹಾಸನಾರೂಢರಾಗಿ, ಫೋನಿನಲ್ಲಿ ವಿಡಿಯೋ ಹಚ್ಚಿಕೊಂಡು ಲೋಕದ ಯಂತ್ರರಹಸ್ಯಗಳನ್ನೆಲ್ಲ ಭೇದಿಸುತ್ತಿದ್ದರು. ಸಂಜೆಗೆ ಬೀದಿಯಲ್ಲಿ ಡಂಗುರ. ಟಿವಿ ರಿಮೋಟು ಬದುಕಿದೆಯೋ ಸತ್ತಿದೆಯೋ ನೋಡಬೇಕೇ? ಅದರ ಮೂತಿಯನ್ನು ಫೋನಿನ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ, ಕಣ್ಣಿಗೆ ಕಾಣದ ದೀಪ ಅಲ್ಲಿ ಕಾಣುತ್ತದೆ. ಸೆಲ್ಲು ಖಾಲಿಯೇ? ನೆಲಕ್ಕೆ ಬಿಡಿ, ಪುಟಿದರೆ ಖಾಲಿ. ಇವೆರಡು ನಿಜವೇ ಆದ್ದರಿಂದ ಮಾವನ ಕೀರ್ತಿ ಪೂರ್ತಿ ನೆಲಕಚ್ಚಿರಲಿಲ್ಲ. ಸೆಲ್ಲಿನ ಹಾಗೆಯೇ ಅದೂ ಆಗಾಗ ಪುಟಿಯುತ್ತಿತ್ತು.

ಹೊಟ್ಟೆಪಾಡಿನ ಕಸುಬು ಹಾಸಿಗೆ ಹೊಲಿಯುವುದು. ಮುಂದೆ ಅಂಗಡಿ, ಹಿಂದೆ ಮನೆ, ನಡುವಿನ ಕಿಟಕಿಯಿಲ್ಲದ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರ. ಜನ ತಂದು ಹಾಕುವ ಹಳೆಯ ಹಾಸಿಗೆಗಳನ್ನು ಬಿಚ್ಚಿ, ಕಲ್ಲಿನ ಹಾಗೆ ಗಟ್ಟಿಯಾದ ಹತ್ತಿಯನ್ನು ಅತ್ತೆ ಯಂತ್ರದ ಬಾಯಿಗೆ ಕೊಡುತ್ತಿದ್ದರು. ಆ ಕಡೆಯಿಂದ ಮೋಡದಂತೆ ಹಾರಿಬರುವುದನ್ನು ಮಾವ ಬಾಚಿ, ಹೊಸ ಬಟ್ಟೆಯ ಚೀಲಕ್ಕೆ ತುಂಬಿ, ದಬ್ಬಳದಲ್ಲಿ ಹೊಲಿಯುತ್ತಿದ್ದರು. ಅತ್ತೆ ಅಂದರೆ ಮಾವನ ಹೆಂಡತಿ. ಇಡೀ ಬೀದಿಗೇ ಅತ್ತೆ. ಮದುವೆಯಾದ ಹೊಸದರಲ್ಲಿ ಶುರುವಾದ ಈ ಜೋಡಿ ದುಡಿಮೆ ತಲೆಕೂದಲು ಹತ್ತಿಯ ಬಣ್ಣಕ್ಕೆ ತಿರುಗುವವರೆಗೂ ನಡೆಯಿತು. ಮನೆಯಲ್ಲಿ ಇಬ್ಬರೇ. ಮೂರನೆಯದು ಆ ಯಂತ್ರ. ಅದರ ಆರ್ಭಟ ಅತ್ತೆಯ ಕಿವಿಗಳನ್ನು ನಿಧಾನವಾಗಿ ತಿಂದುಹಾಕಿತು. ಮಾವನ ಪಾಲಿಗೆ ಏನು ಎತ್ತಿಟ್ಟಿದೆ ಎಂಬುದನ್ನು ಅದು ಆಗಿನ್ನೂ ಹೇಳಿರಲಿಲ್ಲ.

"ಇವಳೇ, ಟೀ ಕೊಡೇ" ಎಂದರೆ ಸ್ನಾನದ ಟವಲು ಬರುವ ಕಾಲ ಬಂತು. ಮಾವ ಟವಲು ಹೆಗಲ ಮೇಲೆ ಹಾಕಿಕೊಂಡು ಟೀಗೆ ಕಾಯುತ್ತಿದ್ದರು. ಕಿವಿಗೆ ಹಾಕುವ ಯಂತ್ರ ತರೋಣ ಎಂದರೆ ಅತ್ತೆಗೆ ಸುತರಾಂ ಇಷ್ಟವಿಲ್ಲ. "ಮುದುಕಿ ಥರ ಕಾಣ್ತೀನಿ" ಎಂದು ಅರವತ್ತು ದಾಟಿದ ಅತ್ತೆಯ ತಕರಾರು.

ಆಗಲೇ ಮಾವನ ಜೀವಮಾನದ ಮಹಾ ಸಂಶೋಧನೆ ನಡೆದದ್ದು. ವಿಡಿಯೋದಲ್ಲಿ ಯಾರೋ ಹೇಳಿದ್ದು ಇಷ್ಟೇ: ಫೋನಿನ ಸೆಟ್ಟಿಂಗಿನೊಳಗೆ ಒಂದು ಸೌಲಭ್ಯವಿದೆ, ಅದನ್ನು ಚಾಲೂ ಮಾಡಿ ಫೋನನ್ನು ಮಾತಾಡುವವರ ಹತ್ತಿರ ಇಟ್ಟರೆ, ಆ ಮಾತು ವೈರಿಲ್ಲದ ಇಯರ್‌ಫೋನಿನ ಮೂಲಕ ಕಿವಿಯೊಳಗೆ ಜೋರಾಗಿ ಕೇಳುತ್ತದೆ; ಪಕ್ಕದ ಕೋಣೆಯಲ್ಲಿದ್ದರೂ ಸರಿ. ಮಾವ ಅದೇ ಸಂಜೆ ಇಯರ್‌ಫೋನು ತಂದರು. ಚಾರ್ಜು ಮಾಡಿದರು. ಸ್ಪೀಕರಿಗೂ ಪೇಸ್ಟಿಗೂ ಈ ಬಾರಿ ಯಾವ ಸಂಬಂಧವೂ ಬೇಡವೆಂದು ಎರಡೆರಡು ಸಲ ಕೈ ತೊಳೆದುಕೊಂಡು, ಹೆಂಡತಿಯ ಕಿವಿಗೆ ತಾವೇ ಸಿಕ್ಕಿಸಿದರು. ಫೋನನ್ನು ಮಲಗುವ ಕೋಣೆಯ ಗೋಡೆಯ ಹತ್ತಿರ ಇಟ್ಟು, "ಏನು ಕೇಳಿಸುತ್ತೆ ಹೇಳು" ಎಂದರು.

ಅಡುಗೆಮನೆಯಲ್ಲಿ ನಿಂತಿದ್ದ ಅತ್ತೆ ಇಯರ್‌ಫೋನನ್ನು ಬೆರಳಲ್ಲಿ ಒತ್ತಿ ಹಿಡಿದರು.

"ರೀ, ಟಕ್ ಟಕ್ ಅಂತಿದೆ."

"ಗಡಿಯಾರ ಕಣೇ!"

"ಆ ಗಡಿಯಾರ ಇನ್ನೂ ಓಡ್ತಾ ಇದೆಯಾ? ನಿಂತುಹೋಗಿ ಎಷ್ಟೋ ವರ್ಷ ಆಯ್ತು ಅಂದ್ಕೊಂಡಿದ್ದೆ."

"ಮುಳ್ಳು ತಿರುಗೋದು ಕಾಣಲ್ವೇನೇ? ಕಿವಿಯಲ್ಲಿ ಟೈಮ್ ನೋಡ್ತಿದ್ದೆಯಾ?" ಎಂದು ಮಾವ ನಕ್ಕರು. ನಗು ಕೆಮ್ಮಿಗೆ ತಿರುಗಿತು. ಕೆಮ್ಮೂ ಅತ್ತೆಗೆ ಕೇಳಿಸಿತು, ಅದೇ ಮೊದಲ ಸಲ ಅಷ್ಟು ಹತ್ತಿರದಿಂದ. ನಗು ನಿಂತ ಮೇಲೂ ಒಳಗೆಲ್ಲೋ ಒಣ ಎಲೆ ತುಳಿದ ಸದ್ದು ಬರುತ್ತಲೇ ಇತ್ತು.

ಮಾವನ ತಂಗಿ ಬಂದ ದಿನ ಈ ಅಸ್ತ್ರದ ಪ್ರಯೋಗ ನಡೆಯಿತು. ಆಕೆ ಹಜಾರದಲ್ಲಿ ಕೂತು, ಅತ್ತಿಗೆಗೆ ಹೇಗೂ ಕೇಳುವುದಿಲ್ಲ ಎಂಬ ನಂಬಿಕೆಯಿಂದ, "ಅಣ್ಣಾ, ಅತ್ತಿಗೆ ಮಾಡಿದ ಟೀ ಕುಡಿಯೋದಕ್ಕಿಂತ ಪಾತ್ರೆ ತೊಳೆದ ನೀರೇ ವಾಸಿ ಕಣೋ" ಎಂದರು. ದಿಂಬಿನ ಸಂದಿಯಲ್ಲಿ ಫೋನು ಅಡಗಿತ್ತು. ಅತ್ತೆ ಅಡುಗೆಮನೆಯಿಂದ ಬಂದವರೇ ನಾದಿನಿಯ ಮುಂದೆ ಒಂದು ಲೋಟ ಇಟ್ಟು, "ತಗೋ, ನಿನಗಿಷ್ಟ ಅಂತ ಈಗ ತಾನೇ ಪಾತ್ರೆ ತೊಳೆದೆ" ಎಂದರು. ಮಾವ ಹಾಸಿಗೆಯ ಮೇಲೆ ಉರುಳಾಡಿ ನಕ್ಕರು. ಆ ಸಂಜೆ ಬೀದಿಯ ಮೂಲೆಮೂಲೆಗೂ ವಿಜಯವಾರ್ತೆ ಮುಟ್ಟಿತು. ಔಷಧಿ ಅಂಗಡಿಯವನೂ ಪೇಸ್ಟಿನ ಪ್ರಕರಣವನ್ನು ಕ್ಷಮಿಸಿದ.

ಆದರೆ ಆ ಒಣ ಎಲೆಯ ಸದ್ದು ಅತ್ತೆಯ ಕಿವಿ ಬಿಡಲಿಲ್ಲ. "ಡಾಕ್ಟರಿಗೆ ತೋರಿಸಿ" ಎಂದು ಬೆನ್ನು ಹತ್ತಿದರು. "ಬಿಸಿನೀರಿನ ಆವಿ ತಗೊಳ್ಳೋದಕ್ಕೆ ಒಂದು ಸುಲಭದ ಉಪಾಯ ನೋಡಿದೀನಿ" ಎಂದು ಮಾವ ತಪ್ಪಿಸಿಕೊಳ್ಳಲು ಹೋದಾಗ, ಅತ್ತೆ ಫೋನನ್ನೇ ಕಿತ್ತಿಟ್ಟುಕೊಂಡರು. ಮಾವ ಶರಣಾದರು.

ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಫಲಿತಾಂಶ ಕೇಳಲು ಹೋದ ದಿನ, ಕೌಂಟರಿನ ನರ್ಸಮ್ಮ ಹೇಳುವುದು ಅತ್ತೆಗೂ ಕೇಳಲೆಂದು ಮಾವ ಫೋನಿನ ಸೌಲಭ್ಯ ಚಾಲೂ ಮಾಡಿದ್ದರು. ಹೆಸರು ಕೂಗಿದಾಗ ಅದನ್ನು ಹಾಗೆಯೇ ಅಂಗಿ ಜೇಬಿಗೆ ಇಳಿಬಿಟ್ಟು, "ನೀನಿಲ್ಲೇ ಕೂತಿರು" ಎಂದು ಒಳಗೆ ಹೋದರು. ಬಾಗಿಲು ಮುಚ್ಚಿತು. ಅತ್ತೆ ಹೊರಗಿನ ಬೆಂಚಿನಲ್ಲಿ, ಎರಡೂ ಕಿವಿಯಲ್ಲಿ ಇಯರ್‌ಫೋನು ಸಿಕ್ಕಿಸಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಹತ್ತಿಯ ಧೂಳು ಒಳಗೆ ಹೋಗಿ ಹೋಗಿ ಶ್ವಾಸಕೋಶ ಗಟ್ಟಿಯಾಗಿದೆ" ಎಂದಿತು ಡಾಕ್ಟರಮ್ಮನ ದನಿ, ಅತ್ತೆಯ ಕಿವಿಯೊಳಗೆ. "ತುಂಬಾ ಮುಂದುವರಿದಿದೆ."

"ಹಾಸಿಗೆ ಗಟ್ಟಿಯಾದ್ರೆ ನಾವು ಬಿಚ್ಚಿ, ಹಿಂಜಿ, ಮತ್ತೆ ತುಂಬ್ತೀವಿ ಡಾಕ್ಟ್ರೇ. ಇದನ್ನ ಬಿಚ್ಚಕ್ಕಾಗಲ್ವಾ?"

ಡಾಕ್ಟರಮ್ಮ ನಗಲಿಲ್ಲ. "ಇಲ್ಲ. ಉಸಿರು ಸ್ವಲ್ಪ ಹಗುರಾಗೋ ಹಾಗೆ ಔಷಧಿ ಕೊಡ್ತೀನಿ. ವಾಸಿಯಾಗೋದಕ್ಕೆ ಅಲ್ಲ. ಮುಂದಿನ ವರ್ಷದ ಮಾತನ್ನ ನಾನು ಆಡಲಾರೆ. ಮನೆಯವರು ಬಂದಿದ್ದಾರಾ? ಅವರಿಗೂ ಹೇಳಬೇಕು."

"ಬೇಡ ಡಾಕ್ಟ್ರೇ, ಕೈ ಮುಗೀತೀನಿ." ಮಾವನ ದನಿ ಸಣ್ಣದಾಯಿತು. "ನನ್ನ ಹೆಂಡತಿಗೆ ಕಿವಿ ಕೇಳಲ್ಲ. ನಾನು ಹೇಳಿದಷ್ಟೇ ಅವಳಿಗೆ ಗೊತ್ತಾಗೋದು. ಇರೋಷ್ಟು ದಿನ ಅವಳು ನಗ್ತಾ ಇರ್ಲಿ."

ಲೋಕದ ಸಕಲ ಯಂತ್ರಗಳ ಗುಟ್ಟು ಬಲ್ಲ ಮಹಾಶಯರು, ತಮ್ಮ ಎದೆಯ ಮೇಲೆಯೇ ಚಾಲೂ ಇದ್ದ ಒಂದನ್ನು ಮರೆತಿದ್ದರು.

ಅವರು ಹೊರಗೆ ಬರುವಷ್ಟರಲ್ಲಿ ಅತ್ತೆಯ ಕಿವಿಯಲ್ಲಿ ಏನೂ ಇರಲಿಲ್ಲ. ಇಯರ್‌ಫೋನು ಡಬ್ಬಿ ಸೇರಿ, ಡಬ್ಬಿ ಚೀಲ ಸೇರಿತ್ತು. ಮಾವ ಮುಖದ ತುಂಬ ನಗು ತಂದುಕೊಂಡು ಬಾಯಿ ತೆರೆದವರು, ತಟ್ಟನೆ ಜೇಬು ಮುಟ್ಟಿ ನೋಡಿಕೊಂಡರು. ಮುಖ ಬಿಳುಪೇರಿತು.

"ಇವಳೇ... ಒಳಗೆ ಮಾತಾಡಿದ್ದು ಕೇಳಿಸ್ತಾ?"

"ಏನಂದ್ರಿ? ಜೋರಾಗಿ ಹೇಳಿ" ಎಂದರು ಅತ್ತೆ. "ನಿಮ್ಮ ಈ ದರಿದ್ರದ್ದು ನೀವು ಒಳಗೆ ಹೋದ ತಕ್ಷಣ ಚಾರ್ಜು ಮುಗಿದು ಕೂತಿತು."

ಮಾವನ ಮುಖಕ್ಕೆ ಮತ್ತೆ ರಕ್ತ ಬಂತು. "ಧೂಳಿನ ಅಲರ್ಜಿಯಂತೆ!" ಎಂದು ಕಾರಿಡಾರಿಗೆಲ್ಲ ಕೇಳುವ ಹಾಗೆ ಕೂಗಿದರು.

"ಅಷ್ಟೇನಾ? ಸುಮ್ನೆ ಹೆದರಿಸಿಬಿಟ್ರಿ" ಎಂದು ಅತ್ತೆ ಚೀಲ ಎತ್ತಿಕೊಂಡರು. ಬಸ್ಸಿನಲ್ಲಿ ಕಿಟಕಿಯ ಕಡೆ ಅವರೇ ಕೂತರು. ಮನೆ ಮುಟ್ಟುವವರೆಗೂ ಮುಖವನ್ನು ಹೊರಗಿನ ಗಾಳಿಗೆ ಕೊಟ್ಟಿದ್ದರು. ಕಣ್ಣಿಗೆ ಧೂಳು ಎಂದು ಹೇಳಲು ಅವರಿಗೂ ಅಂದು ಧೂಳೇ ಒದಗಿತು.

ಆಮೇಲೆ ಆ ಮನೆಯಲ್ಲಿ ಶುರುವಾದ ನಾಟಕಕ್ಕೆ ಪಾತ್ರಧಾರಿಗಳು ಇಬ್ಬರು, ಪ್ರೇಕ್ಷಕರೂ ಅವರೇ. "ಆ ಯಂತ್ರದ ಸದ್ದು ನನ್ನ ಕಿವಿಗೆ ಚುಚ್ಚುತ್ತೆ, ನಿಲ್ಲಿಸಿಬಿಡಿ" ಎಂದು ಅತ್ತೆ. "ನಿನಗೋಸ್ಕರ ನಿಲ್ಲಿಸ್ತೀನಪ್ಪಾ" ಎಂದು ಮಾವ. ಮೆಟ್ಟಿಲಲ್ಲಿ ಅರ್ಧಕ್ಕೇ ಮಾವನಿಗೆ ಉಸಿರು ಕಟ್ಟಿದರೆ, ಅತ್ತೆ ಒಂದು ಮೆಟ್ಟಿಲು ಮೊದಲೇ ಮಂಡಿ ಹಿಡಿದುಕೊಂಡು, "ಅಯ್ಯೋ, ಸ್ವಲ್ಪ ನಿಲ್ಲಿ ಮಾರಾಯ್ರೇ, ನನಗಾಗಲ್ಲ" ಎನ್ನುತ್ತಿದ್ದರು. ಮಾವ ದೊಡ್ಡ ಮನಸ್ಸು ಮಾಡಿ ನಿಲ್ಲುತ್ತಿದ್ದರು.

ಮಾವನ ಸಂಶೋಧನೆಗಳೂ ದಿಕ್ಕು ಬದಲಿಸಿದವು. ಬೀದಿಗೆ ಡಂಗುರ ನಿಂತಿತು. ಮಧ್ಯಾಹ್ನಗಳಲ್ಲಿ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಪಾಠ: ಫೋನಿನಲ್ಲೇ ಗ್ಯಾಸ್ ಬುಕ್ ಮಾಡುವುದು ಹೇಗೆ, ಕರೆಂಟ್ ಬಿಲ್ಲು ಕಟ್ಟುವುದು ಹೇಗೆ, ಎಲ್ಲಾದರೂ ಜಾರಿ ಬಿದ್ದರೆ ಫೋನಿನ ಪಕ್ಕದ ಗುಂಡಿಯನ್ನು ಪಟಪಟ ಒತ್ತಿ ಟೀಚರಮ್ಮನನ್ನು ಕರೆಸುವುದು ಹೇಗೆ. ನೆಪ ಬೇರೆ: "ಕಾಲಕ್ಕೆ ತಕ್ಕ ಹಾಗಿರ್ಬೇಕು ಕಣೇ, ಎಲ್ಲಾ ಹೆಂಗಸರೂ ಕಲೀತಿದ್ದಾರೆ."

ಅತ್ತೆ ದಿನವೂ ತಪ್ಪು ಮಾಡಿದರು. ಗ್ಯಾಸ್ ಎಂದರೆ ಕ್ಯಾಮೆರಾ ತೆರೆದರು. ಬಿಲ್ಲು ಎಂದರೆ ಟಾರ್ಚು ಹಚ್ಚಿದರು.

"ನಿನ್ನ ತಲೆಯಲ್ಲಿ ಹತ್ತಿ ತುಂಬಿದೆಯೇನೇ?"

"ನೀವೇ ತುಂಬಿದ್ದಲ್ವಾ? ನಾಳೆ ಇನ್ನೊಂದ್ಸಲ ಹೇಳಿಕೊಡಿ."

ಎಲ್ಲ ಕಲಿತುಬಿಟ್ಟರೆ ಗುರುವಿಗೆ ಇನ್ನು ಕೆಲಸವಿಲ್ಲವಲ್ಲ ಎಂದು ಆ ಶಿಷ್ಯೆ ದಡ್ಡಿಯಾಗಿಯೇ ಉಳಿದರು.

ಮಾವ ಮಲಗಿಕೊಂಡರೆ ಉಸಿರಾಡಲಾಗದ ದಿನ ಬಂತು. ಬೀದಿಗೆಲ್ಲ ಹಾಸಿಗೆ ಹೊಲಿದವರಿಗೆ ಮೈ ಚಾಚುವ ಭಾಗ್ಯ ತಪ್ಪಿತು. ವಿಡಿಯೋ ನೋಡಿ ತಾವೇ ಹೇಳಿಕೊಟ್ಟು, ಅತ್ತೆಯಿಂದ ಇಳಿಜಾರಿನ ದಪ್ಪ ದಿಂಬೊಂದನ್ನು ಹೊಲಿಸಿಕೊಂಡು ಅದಕ್ಕೆ ಒರಗಿ ಕೂತರು. ಫೋನು ಆ ದಿಂಬಿನ ಪಕ್ಕ, ಇಯರ್‌ಫೋನು ಅತ್ತೆಯ ಕಿವಿಯಲ್ಲಿ. "ಕರೆದರೆ ಕೇಳ್ಬೇಕಲ್ಲ" ಎಂದು ನೆಪ. ಅತ್ತೆ ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಆ ಉಸಿರು ಕಿವಿಯಲ್ಲಿ ಹೋಗಿ ಬರುತ್ತಿತ್ತು. ಅದರ ಹಿಂದೆ ಗಡಿಯಾರದ ಟಕ್ ಟಕ್.

ಒಂದು ಬೆಳಿಗ್ಗೆ ಬಾಗಿಲಿಗೆ ಗ್ಯಾಸ್ ಸಿಲಿಂಡರ್ ಬಂತು.

"ಯಾರೇ ಬುಕ್ ಮಾಡಿದ್ದು?" ಎಂದರು ಮಾವ.

"ಅದೇ ಬಂದಿರ್ಬೇಕು. ಖಾಲಿ ಆದದ್ದು ಅದಕ್ಕೆ ಗೊತ್ತಾಗಲ್ವಾ?" ಎಂದು ಅತ್ತೆ ಅಡುಗೆಮನೆಗೆ ನುಸುಳಿದರು.

ಮಾವ ದಿಂಬಿನ ಪಕ್ಕದ ಫೋನನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟರು. ಆಮೇಲೆ ಅಡುಗೆಮನೆಯಲ್ಲಿದ್ದ ಅತ್ತೆಯ ಕಿವಿಯೊಳಗೆ ಅವರ ದನಿ, ಬರೀ ಗಾಳಿಯಷ್ಟು ದನಿ, ಕೇಳಿತು: "ಇವಳೇ, ಅವತ್ತು ಆಸ್ಪತ್ರೆಯಲ್ಲಿ... ನಿಜವಾಗ್ಲೂ ಚಾರ್ಜು ಮುಗಿದಿತ್ತೇನೇ?"

ಬಾಗಿಲಲ್ಲಿ ನಿಂತಿದ್ದರೂ ಕೇಳದಷ್ಟು ಸಣ್ಣ ಮಾತು. ಅತ್ತೆ ಅಡುಗೆಮನೆಯಿಂದಲೇ ಗಟ್ಟಿಯಾಗಿ, "ಹೂಂ, ಮುಗಿದಿತ್ತು!" ಎಂದರು.

ಮತ್ತೆ ಗಾಳಿಯಂಥ ನಗು. "ಸುಳ್ಳಿ."

"ನೀವೇನು ಕಮ್ಮಿಯಾ? ಅಲರ್ಜಿಯಂತೆ, ಅಲರ್ಜಿ!"

ಅತ್ತೆ ಬಂದು ದಿಂಬಿನ ಪಕ್ಕ ಕೂತರು. ಮಾವ ಅವರ ಕಿವಿಯಿಂದ ಇಯರ್‌ಫೋನು ತೆಗೆದು, ಆ ಕಿವಿಯನ್ನು ತಮ್ಮ ಎದೆಗೆ ಒರಗಿಸಿಕೊಂಡರು. ಬರಿಗಿವಿಗೆ ಏನೂ ಕೇಳಲಿಲ್ಲ. ಎದೆ ಏರಿ ಇಳಿಯುವುದು ಮಾತ್ರ ಕೆನ್ನೆಗೆ ಗೊತ್ತಾಗುತ್ತಿತ್ತು. ಆ ದಿನ ಮಧ್ಯಾಹ್ನದ ಪಾಠದಲ್ಲಿ ಅತ್ತೆ ಒಂದೂ ತಪ್ಪು ಮಾಡಲಿಲ್ಲ.

ಅದೇ ವಾರದ ಕೊನೆಯಲ್ಲಿ, ಬಿಸಿಲೇರಿದ ಹೊತ್ತಿಗೆ, ಅತ್ತೆ ಪಾತ್ರೆ ತೊಳೆಯುತ್ತಿದ್ದರು. ಕಿವಿಯಲ್ಲಿ ಉಸಿರು ಹೋಯಿತು, ಬಂತು. ಹೋಯಿತು. ಅತ್ತೆ ಕಾದರು. ನೊರೆಗೈ ಹಾಗೇ ನಿಂತಿತು.

ಚಾರ್ಜು ಮುಗಿದಿರಬೇಕು, ಎಂದುಕೊಂಡರು. ಮಾವ ಹೇಳಿಕೊಟ್ಟಂತೆ ಇಯರ್‌ಫೋನನ್ನು ಬೆರಳಲ್ಲಿ ತಟ್ಟಿದರು. ನಲ್ಲಿಯ ನೀರು ಅಡ್ಡ ಬರುತ್ತಿರಬಹುದೆಂದು ನಲ್ಲಿ ನಿಲ್ಲಿಸಿದರು. ಮತ್ತೆ ತಟ್ಟಿ, ಕಿವಿಗೆ ಒತ್ತಿ ಹಿಡಿದರು.

ಆಗ ಕೇಳಿಸಿತು, ತುಂಬಾ ಸ್ಪಷ್ಟವಾಗಿ. ಆ ಕೋಣೆಯ ಗೋಡೆ ಗಡಿಯಾರ, ಟಕ್ ಟಕ್ ಎಂದು ಓಡುತ್ತಿತ್ತು.